ಯೇಸುವನ್ನು 'ಕರ್ತನೇ' ಎಂದು ಕರೆಯುವಾಗ: ಪ್ರಾರ್ಥನೆ ಮಾಡುವವರಿಗೆ ಒಂದು ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಯಾವುದೇ ಮನೆ ಪ್ರಾರ್ಥನೆಗೆ ಹೋಗಿ ಕೂತುಕೊಳ್ಳಿ. ಹಾಡು ಮುಗಿಯುತ್ತದೆ, ಒಬ್ಬರು ಎದ್ದು ಶುರು ಮಾಡುತ್ತಾರೆ: "ಕರ್ತನೇ, ಈ ಸಾಯಂಕಾಲ ಕರ್ತನೇ, ನಮ್ಮನ್ನು ಕೂಡಿಸಿದ್ದಕ್ಕಾಗಿ ಕರ್ತನೇ, ನಿನಗೆ ಸ್ತೋತ್ರ ಕರ್ತನೇ, ಈ ಮನೆಯವರನ್ನು ಕರ್ತನೇ..." ಅವರ ಭಕ್ತಿಯ ಬಗ್ಗೆ ನನಗೆ ಒಂದಿಷ್ಟೂ ಅನುಮಾನ ಇಲ್ಲ. ದಿನವೆಲ್ಲ ಗೇಮೆ ಮಾಡಿ ಬಂದು, ಊಟಕ್ಕೂ ಮೊದಲು ದೇವರ ಮುಂದೆ ನಿಂತವರು ಅವರು. ಆದರೆ ಕರ್ತ, ಅಂದರೆ ಒಡೆಯ, ಎಂಬ ಆ ಹೆಸರು ಅಲ್ಲಿ ಏನು ಕೆಲಸ ಮಾಡುತ್ತಿದೆ? ಮುಂದಿನ ಮಾತು ಹೊಳೆಯುವ ತನಕ ಬಾಯಿ ತುಂಬಿಸುತ್ತಿದೆ, ಅಷ್ಟೇ.

ಇದೇ ಹೆಸರಿಗಾಗಿ ಜೀವ ಕೊಟ್ಟವರಿದ್ದಾರೆ. ಸುಮಾರು ಕ್ರಿ.ಶ. 155ರಲ್ಲಿ ಸ್ಮುರ್ನ ಪಟ್ಟಣದ ಬಿಷಪ್ ಪೊಲಿಕಾರ್ಪನನ್ನು ಹಿಡಿದು ತಂದರು. ಅವನ ಬಳಿ ಕೇಳಿದ್ದು ಒಂದೇ ಮಾತು: "ಕೈಸರನೇ (ರೋಮಿನ ಚಕ್ರವರ್ತಿಯೇ) ಕರ್ತ ಅಂತ ಹೇಳಿಬಿಡು, ಅದರಲ್ಲೇನಿದೆ?" ಮುದುಕ ಹೇಳಲಿಲ್ಲ. 86 ವರ್ಷ ಕ್ರಿಸ್ತನ ಸೇವೆ ಮಾಡಿದ್ದೇನೆ, ಆತ ನನಗೆ ಯಾವ ಕೇಡನ್ನೂ ಮಾಡಿಲ್ಲ, ನನ್ನನ್ನು ರಕ್ಷಿಸಿದ ಅರಸನನ್ನು ಹೇಗೆ ದೂಷಿಸಲಿ ಅಂದ. ಅವನನ್ನು ಕೊಂದರು. ಒಂದು ಬಿರುದನ್ನು ಇನ್ನೊಬ್ಬನಿಗೆ ಕೊಡಲಾರೆ ಎಂದು ಒಬ್ಬ ಪ್ರಾಣ ಬಿಟ್ಟ ಮೇಲೆ, ಅದೇ ಬಿರುದನ್ನು ನಾವು ಮಾತಿನ ಮಧ್ಯೆ ಸುಮ್ನೆ ಹಾಕಿಕೊಂಡು ಹೋಗುವುದು ಸರಿ ಕಾಣುತ್ತದಾ?

ಪಾಸ್ಟರುಗಳಿಗೆ, ಫಾದರುಗಳಿಗೆ ಇದೆಲ್ಲ ಗೊತ್ತಿರುತ್ತದೆ. ನಾನು ಬರೆಯುತ್ತಿರುವುದು ಸಭೆಯಲ್ಲಿ "ನೀವೊಂದು ಪ್ರಾರ್ಥನೆ ಮಾಡ್ರಿ" ಅಂದಾಗ ಎದ್ದು ನಿಲ್ಲುವ ಅಕ್ಕ ತಮ್ಮಂದಿರಿಗೆ, ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪ್ರಾರ್ಥಿಸುವ ಅವ್ವಂದಿರಿಗೆ, ಹಾಡು ನಡೆಸುವ ಹುಡುಗರಿಗೆ. ಹೇಳುವುದು ಇಷ್ಟೇ: ಬಿರುದು ಕಡಿಮೆ ಇರಲಿ, ಆದರೆ ಯಾವ ಬಿರುದಿನಿಂದ ಕರೆದೆವೋ ಅದರ ಅಧಿಕಾರದ ಕೆಳಗೆ ನಾವು ನಿಲ್ಲೋಣ.

ಮೊದಲು ಬಿರುದು ಆರಿಸಿ, ಆಮೇಲೆ ಬಾಯಿ ತೆರೆಯಿರಿ

ಎದ್ದು ನಿಂತ ಕೂಡಲೇ ಶುರು ಮಾಡಬೇಡಿ. ಒಂದೆರಡು ಉಸಿರಿನಷ್ಟು ಹೊತ್ತು ಸುಮ್ಮನಿರಿ. ಆ ಹೊತ್ತಿನಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವತ್ತು ನಾನು ಏನು ಬೇಡಲಿಕ್ಕೆ ಬಂದಿದ್ದೇನೆ, ಅದನ್ನು ಕೊಡುವವನು ಯಾರು? ಉತ್ತರ ಸಿಕ್ಕರೆ ಬಿರುದೂ ಸಿಕ್ಕಿತು.

ಹಳೆಯ ಸಭೆಗಳ ಆರಾಧನೆ ಪುಸ್ತಕಗಳಲ್ಲಿ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಇರಲಿ ಕಥೋಲಿಕರದಿರಲಿ, ಆಯಾ ಭಾನುವಾರಕ್ಕೆಂದು ಚಿಕ್ಕ ಪ್ರಾರ್ಥನೆಗಳಿರುತ್ತವೆ. ಅವುಗಳನ್ನು ಗಮನಿಸಿ ಓದಿ. ಮೊದಲು ದೇವರನ್ನು ಕರೆಯುತ್ತಾರೆ. ಆತ ಎಂಥವನು, ಏನು ಮಾಡಿದವನು ಎಂದು ಒಂದು ಮಾತಿನಲ್ಲಿ ಹೇಳುತ್ತಾರೆ. ಆಮೇಲೆ ಬೇಡಿಕೆ. ಅದು ಯಾತಕ್ಕೆ ಬೇಕು ಅನ್ನುವುದು. ಕಡೆಗೆ "ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ". ನಾಲ್ಕೈದು ಸಾಲಿನಲ್ಲಿ ಮುಗಿದೇಹೋಗುತ್ತದೆ. ಈ ಅಚ್ಚುಕಟ್ಟನ್ನು ಮನೆ ಪ್ರಾರ್ಥನೆಗೂ ತರಬಹುದು, ಪುಸ್ತಕದ ಭಾಷೆ ಬೇಕಾಗಿಲ್ಲ.

ಗುಳೆ ಹೋದ ಮಗನಿಗಾಗಿ ಒಂದು ತಾಯಿ ಹೀಗೆ ಪ್ರಾರ್ಥಿಸಬಹುದು:

"ಇಮ್ಮಾನುವೇಲನೇ, ನಮ್ಮ ಸಂಗಡ ಇರುವ ದೇವರೇ, ನನ್ನ ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಇವತ್ತು ತಗಡಿನ ಶೆಡ್ಡಿನಲ್ಲಿ ಮಲಗಿದ್ದಾನೆ. ನಾನು ಅವನ ಹತ್ತಿರ ಇಲ್ಲ, ನೀನು ಇರು. ಎತ್ತರದ ಕೆಲಸದಲ್ಲಿ ಅವನ ಕಾಲು ಜಾರದಂತೆ ನೋಡಿಕೋ. ಕುಡಿಯುವವರ ಜೊತೆ ಸೇರದಂತೆ ಕಾಪಾಡು. ಕ್ರಿಸ್ಮಸ್ಸಿಗೆ ಅವನು ಕ್ಷೇಮವಾಗಿ ಮನೆಗೆ ಬರಲಿ. ನಿನ್ನ ಹೆಸರಿನಲ್ಲೇ ಬೇಡುತ್ತೇನೆ, ಆಮೆನ್."

ಒಂದೇ ಬಿರುದು, ಒಂದೇ ಸಲ. ಆದರೆ ಪ್ರಾರ್ಥನೆಯ ಪ್ರತಿ ಮಾತೂ ಆ ಬಿರುದಿಗೆ ಅಂಟಿಕೊಂಡಿದೆ. ನಾನು ಹತ್ತಿರ ಇಲ್ಲ, ನೀನು ಇರು ಅನ್ನುವ ಮಾತು ಇಮ್ಮಾನುವೇಲ ಎಂಬ ಹೆಸರಿನಿಂದಲೇ ಹುಟ್ಟಿದ್ದು, ಅಲ್ವಾ?

ಬೈಬಲಿನವರು ಹೇಗೆ ಕರೆದರು, ನೋಡಿ

ಲೂಕ 5ನೆಯ ಅಧ್ಯಾಯ ತೆರೆಯಿರಿ. ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಲಿ ಬಂದ ಪೇತ್ರ ಯೇಸುವಿಗೆ ಮೊದಲು ಹೇಳುವುದು "ಗುರುವೇ" ಅಂತ. ಮರ್ಯಾದೆಯ ಮಾತೇ. ನೀನು ಹೇಳಿದ್ದಕ್ಕೆ ಬಲೆ ಹಾಕುತ್ತೇನೆ ಅನ್ನುತ್ತಾನೆ. ಮೀನಿನ ಭಾರಕ್ಕೆ ದೋಣಿಗಳು ಮುಳುಗುವ ಹಾಗಾದ ಮೇಲೆ ಅದೇ ಪೇತ್ರ ಯೇಸುವಿನ ಮೊಣಕಾಲಿಗೆ ಬಿದ್ದು "ಸ್ವಾಮೀ" ಅನ್ನುತ್ತಾನೆ, ನಾನು ಪಾಪಿ, ನನ್ನನ್ನು ಬಿಟ್ಟು ಹೋಗು ಅನ್ನುತ್ತಾನೆ. ನಡುವೆ ಇರುವುದು ಎರಡೇ ವಚನ. ಅಷ್ಟರಲ್ಲಿ ಕರೆಯುವ ಮಾತೂ ಬದಲಾಯಿತು, ಕರೆಯುವ ಮನುಷ್ಯನೂ ನೆಲಕ್ಕೆ ಬಂದ.

ಈಗ ಮತ್ತಾಯ 26. ಕೊನೆಯ ಊಟದ ಪಂಕ್ತಿ. ನಿಮ್ಮಲ್ಲಿ ಒಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಎಂದು ಯೇಸು ಹೇಳುತ್ತಾರೆ. ಶಿಷ್ಯರು ಒಬ್ಬೊಬ್ಬರಾಗಿ "ಸ್ವಾಮೀ, ನಾನಲ್ಲವಷ್ಟೇ?" ಎಂದು ಕೇಳುತ್ತಾರೆ. ಹಿಡಿದುಕೊಡಲಿದ್ದ ಯೂದನೂ ಅದನ್ನೇ ಕೇಳುತ್ತಾನೆ, ಆದರೆ ಅವನ ಬಾಯಲ್ಲಿ ಬರುವುದು "ಗುರುವೇ". ತೋಟದಲ್ಲಿ ಮುತ್ತಿಡುವಾಗಲೂ "ಗುರುವೇ, ನಮಸ್ಕಾರ". ಮತ್ತಾಯನ ಸುವಾರ್ತೆಯಲ್ಲಿ ಯೂದ ಒಂದು ಸಲವೂ ಯೇಸುವನ್ನು ಸ್ವಾಮಿ ಅನ್ನುವುದಿಲ್ಲ. ಹಾಗಂತ ಗುರು ಅನ್ನುವುದು ತಪ್ಪು ಅಂತ ಯಾರೂ ತಿಳಿಯಬೇಡಿ. ಸಮಾಧಿಯ ಬಳಿ ಅಳುತ್ತಾ ನಿಂತ ಮಗ್ದಲದ ಮರಿಯಳು ಯೇಸುವನ್ನು ಗುರುತಿಸಿ ಕರೆದದ್ದೂ ಗುರುವೇ ಅಂತಲೇ (ಯೋಹಾನ 20:16). ಅವಳ ಬಾಯಲ್ಲಿ ಅದು ಇಡೀ ಜೀವ ತುಂಬಿದ ಮಾತು.

ಇನ್ನೂ ಒಂದು. ಶಿಲುಬೆಯ ಮೇಲೆ ಪಕ್ಕದಲ್ಲೇ ಸಾಯುತ್ತಿದ್ದ ಕಳ್ಳನಿಗೆ ಬಿರುದು ಗೊತ್ತಿರಲಿಲ್ಲ. "ಯೇಸುವೇ" ಅಂದ, ಅಷ್ಟೇ. ಆದರೆ ಮುಂದಿನ ಮಾತಿನಲ್ಲಿ "ನಿನ್ನ ರಾಜ್ಯ" ಅಂದ. ಮೊಳೆ ಹೊಡೆಸಿಕೊಂಡು ನೇತಾಡುತ್ತಿರುವವನಲ್ಲಿ ಅರಸನನ್ನು ಕಂಡ. ಅದಕ್ಕಿಂತ ದೊಡ್ಡ ಗೌರವ ಯಾವ ಬಿರುದಿನಲ್ಲೂ ಇರಲಾರದು. ಹಾಗಾಗಿ ಓದು ಬರಹ ಬಾರದ ಅಜ್ಜಿಯೊಬ್ಬಳು ಮೂಲೆಯಲ್ಲಿ ಕೂತು "ನನ್ನಪ್ಪಾ ಯೇಸಯ್ಯಾ, ನನ್ನ ಕೈ ಬಿಡಬ್ಯಾಡಪ್ಪಾ" ಅಂತ ಪ್ರಾರ್ಥಿಸಿದರೆ ಯಾರೂ ತಿದ್ದಲಿಕ್ಕೆ ಹೋಗಬೇಡಿ. ಅಪ್ಪ, ಅಯ್ಯ ಎರಡೂ ನಮ್ಮ ಕಡೆ ಹಿರಿಯರಿಗೆ ಕೊಡುವ ಮಾನ. ಅವಳಿಂದ ನಾವು ಕಲಿಯುವುದಿದೆ.

ಯಾವಾಗ ಯಾವ ಬಿರುದು

ಇದಕ್ಕೆ ಕಾನೂನು ಇಲ್ಲ. ರೂಢಿ ಮಾಡಿಕೊಂಡರೆ ಸಹಾಯವಾಗುವಂಥವನ್ನು ಹೇಳುತ್ತೇನೆ.

ಪಾಪ ಒಪ್ಪಿಕೊಳ್ಳುವಾಗ ಮಹಾಯಾಜಕನೇ ಎಂದು ಕರೆಯಿರಿ. ನಮ್ಮ ಬಲಹೀನತೆ ಕಂಡು ಮರುಗುವ ಮಹಾಯಾಜಕ ನಮಗಿದ್ದಾನೆ, ಧೈರ್ಯದಿಂದ ಕೃಪಾಸನದ ಹತ್ತಿರ ಬನ್ನಿ ಎಂದು ಇಬ್ರಿಯರಿಗೆ ಬರೆದ ಪತ್ರದ 4ನೆಯ ಅಧ್ಯಾಯ ಕರೆಯುತ್ತದೆ. ಊಟದ ಮುಂದೆ, ತಟ್ಟೆಯಲ್ಲಿ ಜೋಳದ ರೊಟ್ಟಿ ಇಟ್ಟುಕೊಂಡು "ಜೀವಕೊಡುವ ರೊಟ್ಟಿಯೇ" ಎಂದು ಆತನನ್ನು ಕರೆದರೆ ಮಕ್ಕಳಿಗೂ ತಟ್ಟನೆ ಅರ್ಥವಾಗುತ್ತದೆ (ಯೋಹಾನ 6:35). ಕರ್ತನ ಭೋಜನದ ದಿನ ದೇವರ ಕುರಿಮರಿ. ಗರಿಗಳ ಭಾನುವಾರ, ಈಸ್ಟರ್ ದಿನ ರಾಜಾಧಿರಾಜ. ಕಥೋಲಿಕ ಸಭೆಯಲ್ಲಂತೂ ಕ್ರಿಸ್ತರಾಜನ ಹಬ್ಬವೇ ಇದೆ, 1925ರಲ್ಲಿ ಹನ್ನೊಂದನೆಯ ಪಿಯುಸ್ ಪೋಪರು ಅದನ್ನು ಶುರು ಮಾಡಿದರು. ಮೊದಲ ಮಹಾಯುದ್ಧ ಮುಗಿದು ದೇಶ ದೇಶಗಳ ನಾಯಕರು ತಾವೇ ದೇವರು ಅನ್ನುವಂತೆ ಮೆರೆಯತೊಡಗಿದ್ದ ಕಾಲ ಅದು.

ಹೊಲದ ಪಾಲಿಗಾಗಿ ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಯಲ್ಲಿ ಪ್ರಾರ್ಥಿಸುವುದಾದರೆ ಯೆಶಾಯ 9:6ರ "ಸಮಾಧಾನದ ಪ್ರಭು". ದಾರಿ ಕಾಣದಾಗ ಒಳ್ಳೆಯ ಕುರುಬ. ಕುಷ್ಟಗಿ, ಲಿಂಗಸುಗೂರು ಕಡೆ ಬೇಸಿಗೆಯಲ್ಲಿ ಕುರಿ ಹಿಂಡಿನ ಜೊತೆ ಊರೂರು ತಿರುಗುವವರನ್ನು ನೋಡಿದವರಿಗೆ ಈ ಬಿರುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ "ಪರಮ ವೈದ್ಯನೇ" ಅನ್ನುವುದು ನಮ್ಮಲ್ಲಿ ರೂಢಿ. ಒಳ್ಳೆಯದೇ. ಆದರೆ ಹಾಗೆ ಕರೆದು, ರೋಗಿಯ ಮಾತ್ರೆ ಬಿಡಿಸಬೇಡಿ. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಪ್ರಾರ್ಥನೆಗೆ ಹೋದರೆ ದನಿ ತಗ್ಗಿಸಿ, ಪಕ್ಕದ ಮಂಚದಲ್ಲೂ ನೋವಿನಲ್ಲಿರುವವರು ಇದ್ದಾರೆ. ಒಂದು ಬಿರುದು, ಒಂದು ಬೇಡಿಕೆ, ಆಮೆನ್ ಸಾಕು.

ಸಾವಿನ ಮನೆಯ ಮಾತು ಬೇರೆ. ಅಲ್ಲಿ ಜಯಶಾಲಿ, ಪರಾಕ್ರಮಿ ಎಂದು ದೊಡ್ಡ ದೊಡ್ಡ ಬಿರುದು ಕೂಗಿದರೆ ಅಳುತ್ತಿರುವವರ ಕಿವಿಗೆ ಅದು ಹೋಗುವುದೇ ಇಲ್ಲ. ಯೋಹಾನ 11ರಲ್ಲಿ ಮಾರ್ಥಳು ಏನು ಮಾಡಿದಳು? "ಸ್ವಾಮೀ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ" ಅಂದಳು. ಅದು ದೂರು. ಆದರೆ ಸ್ವಾಮೀ ಎಂದು ಕರೆದೇ ದೂರು ಹೇಳಿದಳು. ಯೇಸು ಸಿಟ್ಟಾಗಲಿಲ್ಲ, ಪುನರುತ್ಥಾನವೂ ಜೀವವೂ ನಾನೇ ಎಂದು ತನ್ನ ಬಿರುದನ್ನು ಅವಳಿಗೇ ಮೊದಲು ಹೇಳಿದ, ಮತ್ತು ಸಮಾಧಿಯ ಹತ್ತಿರ ಹೋಗುತ್ತಾ ತಾನೂ ಅತ್ತ. ಸಾವಿನ ಮನೆಯಲ್ಲಿ ನಾನು ಇದೇ ಅಧ್ಯಾಯ ಓದುತ್ತೇನೆ, ಮಾರ್ಥಳ ಮಾತಿನಿಂದಲೇ ಪ್ರಾರ್ಥನೆ ಶುರು ಮಾಡುತ್ತೇನೆ. ಗೌರವ ಕೊಡುವುದು ಅಂದರೆ ನೋವನ್ನು ಬಚ್ಚಿಡುವುದು ಅಂತ ಯಾರೂ ಹೇಳಿಲ್ಲ.

ಒಡೆಯ ಅನ್ನುವ ಮಾತು ಚುಚ್ಚಿದರೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನಮ್ಮ ಮೂರು ಜಿಲ್ಲೆಗಳಲ್ಲಿ ಸಭೆಗೆ ಬರುವ ಎಷ್ಟೋ ಮನೆಗಳ ಅಜ್ಜಂದಿರು, ಮುತ್ತಜ್ಜಂದಿರು ಬೇರೆಯವರ ಹೊಲದಲ್ಲಿ ಜೀತ ಇದ್ದವರು. ಜೀತ ಮಾಡಿಸುವುದು ಅಪರಾಧ ಎಂದು ದೇಶದ ಕಾಯ್ದೆ ಬಂದದ್ದೇ 1976ರಲ್ಲಿ, ಮೊನ್ನೆ ಮೊನ್ನೆ. ಧಣಿ ಎದುರಿಗೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು, ಹೆಗಲ ಮೇಲಿನ ಟವೆಲ್ ಕಂಕುಳಲ್ಲಿ ಇಟ್ಟುಕೊಂಡು, ತಲೆ ಬಗ್ಗಿಸಿ ದಾರಿ ಬಿಡಬೇಕಿತ್ತು. ಅಂಥ ಮನೆಯ ಓದಿದ ಹುಡುಗನಿಗೆ "ಯೇಸು ನಿನ್ನ ಒಡೆಯ" ಅಂದರೆ ಒಳಗೆ ಏನೋ ಚುಚ್ಚುತ್ತದೆ. ಮತ್ತೊಬ್ಬ ಧಣಿ ಯಾಕೆ ಬೇಕು ಅನ್ನಿಸುತ್ತದೆ. ಆ ಪ್ರಶ್ನೆಯನ್ನು ಗದರಿಸಿ ಕೂರಿಸಬೇಡಿ, ಅದು ನ್ಯಾಯವಾದ ಪ್ರಶ್ನೆ.

ಉತ್ತರ ಯೋಹಾನ 13ರಲ್ಲಿದೆ. ನೀವು ನನ್ನನ್ನು ಗುರು ಎಂದೂ ಕರ್ತ ಎಂದೂ ಕರೆಯುತ್ತೀರಿ, ಸರಿಯಾಗಿಯೇ ಕರೆಯುತ್ತೀರಿ ಎಂದು ಯೇಸು ಹೇಳುತ್ತಾರೆ. ಯಾವಾಗ ಹೇಳುತ್ತಾರೆ? ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ಹಾಕಿಕೊಂಡು, ಹನ್ನೆರಡು ಜನರ ಧೂಳು ಕಾಲು ತೊಳೆದು ಎದ್ದ ಮೇಲೆ. ಧಣಿಯ ಮುಂದೆ ಆಳಿನ ಟವೆಲ್ ಕಂಕುಳಿಗೆ ಹೋಗುತ್ತಿತ್ತು. ಇಲ್ಲಿ ಕರ್ತನೇ ಟವೆಲ್ ಕಟ್ಟಿಕೊಂಡು ಆಳಿನ ಕಾಲ ಬಳಿ ಕೂತಿದ್ದಾನೆ. ಆ ಕಾಲುಗಳಲ್ಲಿ ಯೂದನ ಕಾಲೂ ಇತ್ತು ಅನ್ನುವುದನ್ನು ಮರೆಯಬೇಡಿ.

ಮಾರ್ಕ 10:42ರಿಂದ ಮುಂದೆ ಓದಿದರೆ ಇನ್ನೂ ನೇರವಾಗಿದೆ. ಲೋಕದ ದೊರೆಗಳು ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದು, ಮನುಷ್ಯಕುಮಾರ ಸೇವೆ ಮಾಡಿಸಿಕೊಳ್ಳಲಿಕ್ಕೆ ಬರಲಿಲ್ಲ, ಸೇವೆ ಮಾಡಲಿಕ್ಕೆ ಬಂದ. ಹಾಗಾಗಿ ಯೇಸುವನ್ನು ಕರ್ತ ಎಂದು ಕರೆದವನು ಉಳಿದ ಧಣಿಗಳ ಮುಂದೆ ತಲೆ ಎತ್ತಿ ನಿಲ್ಲಬಹುದು. ಅವನಿಗೆ ಒಬ್ಬನೇ ಒಡೆಯ, ಉಳಿದವರೆಲ್ಲ ಅಣ್ಣ ತಮ್ಮಂದಿರು. ಹುಡುಗರಿಗೆ ಇದನ್ನು ಹೇಳಿಕೊಡಿ. ಕಾಲು ತೊಳೆದ ಕಥೆಯನ್ನು ಮೊದಲು ಹೇಳಿ, ಬಿರುದನ್ನು ಆಮೇಲೆ ಹೇಳಿ. ಆಗ ಅವರೇ "ಕರ್ತನೇ" ಅನ್ನುತ್ತಾರೆ, ನೀವು ಒತ್ತಾಯ ಮಾಡಬೇಕಾಗಿಲ್ಲ.

ಇದೇ ಮಾತು ಸಭೆಯ ಹಿರಿಯರಿಗೂ ತಗಲುತ್ತದೆ. ಕ್ರಿಸ್ತನನ್ನು ಕರ್ತ ಎಂದು ಕೂಗಿ ಹಾಡಿ, ಸಭೆಯೊಳಗೆ ತಾವೇ ಧಣಿಗಳ ಹಾಗೆ ನಡೆದುಕೊಂಡರೆ ಹಾಡಿಗೆ ಬೆಲೆ ಎಲ್ಲಿ? ಪ್ರಾರ್ಥನಾ ಕೂಟದ ಫ್ಲೆಕ್ಸ್ ನೋಡಿರುತ್ತೀರಿ. ಬೋಧಕರ ಫೋಟೋ ಆಳುದ್ದ, ಹೆಸರಿನ ಮುಂದೆ ಅಭಿಷಿಕ್ತ, ದೈವಜನ, ಪ್ರವಾದಿ, ಯೇಸುವಿನ ಹೆಸರು ಮಾತ್ರ ಮೂಲೆಯಲ್ಲಿ ಬೆರಳಷ್ಟು. ಮತ್ತಾಯ 23ರಲ್ಲಿ ಯೇಸು ಗುರು ಅನ್ನಿಸಿಕೊಳ್ಳಬೇಡಿ ಎಂದು ಶಿಷ್ಯರಿಗೆ ಸ್ಪಷ್ಟವಾಗಿ ಹೇಳಿದ್ದಾರೆ. ಫ್ಲೆಕ್ಸ್ ಮಾಡಿಸುವ ಜವಾಬ್ದಾರಿ ನಿಮ್ಮದಾದರೆ ಮೊದಲ ಸಾಲು, ದೊಡ್ಡ ಅಕ್ಷರ ಯಾರಿಗೆ ಅನ್ನುವುದನ್ನು ನೀವೇ ತೀರ್ಮಾನ ಮಾಡಬಹುದು. ಬೋಧಕರಿಗೆ ಅಯ್ಯನವರೇ, ಪಾಸ್ಟರೇ, ಫಾದರೇ ಎಂಬ ಮರ್ಯಾದೆ ಸಾಕು, ಒಳ್ಳೆಯ ಬೋಧಕರು ಅದಕ್ಕಿಂತ ಜಾಸ್ತಿ ಕೇಳುವುದೂ ಇಲ್ಲ.

ನೀನು ಅನ್ನಬೇಕಾ, ನೀವು ಅನ್ನಬೇಕಾ

ಹೊಸದಾಗಿ ಸಭೆಗೆ ಬಂದವರು ಬಹಳ ಕೇಳುವ ಪ್ರಶ್ನೆ ಇದು. ಹಿರಿಯರಿಗೆ ನೀವು ಅನ್ನುತ್ತೇವೆ, ದೇವರಿಗೆ ನೀನು ಅಂದರೆ ತಪ್ಪಾಗುವುದಿಲ್ಲವೇ?

ತಪ್ಪಿಲ್ಲ. ದೇವರನ್ನೂ ಹೆತ್ತವ್ವನನ್ನೂ ನೀನು ಅನ್ನುವುದು ಕನ್ನಡದ ಹಳೆಯ ರೂಢಿ. ಕನ್ನಡ ಬೈಬಲ್ಲಿನ ಕೆಲಸ ನಡೆದದ್ದೇ ನಮ್ಮ ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ವರ್ಷಗಟ್ಟಲೆ ಕೂತು ಮಾಡಿದ ಅನುವಾದ ಅದು. ಇವತ್ತು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೇಳುವ ಕರ್ತನ ಪ್ರಾರ್ಥನೆಯಲ್ಲಿ "ನಿನ್ನ ನಾಮ, ನಿನ್ನ ರಾಜ್ಯ" ಎಂದೇ ಇದೆ. ಕಥೋಲಿಕರು "ನಿಮ್ಮ ನಾಮ" ಅನ್ನುತ್ತಾರೆ, ಕ್ರಿಸ್ತರು, ಯೇಸುಸ್ವಾಮಿಯವರು ಎಂದು ಬಹುವಚನದಲ್ಲಿ ಹೇಳುತ್ತಾರೆ. ಎರಡರಲ್ಲೂ ಗೌರವ ಇದೆ. ಯಾವ ಸಭೆಯಲ್ಲಿ ನಿಂತು ಪ್ರಾರ್ಥಿಸುತ್ತೀರೋ ಆ ಸಭೆಯ ರೂಢಿ ಹಿಡಿಯಿರಿ.

ಕಷ್ಟ ಬರುವುದು ಎರಡನ್ನೂ ಬೆರೆಸಿದಾಗ. "ಕರ್ತನೇ ನೀನು ದೊಡ್ಡವನು, ನಿಮ್ಮ ಕೃಪೆ ಕೊಡು, ಕಾಪಾಡಿರಿ" ಅಂದರೆ ಕೇಳುವವರಿಗೆ ತೊಡಕು. ಶುರುವಿನಲ್ಲಿ ಒಂದನ್ನು ಆರಿಸಿ, ಆಮೆನ್ ತನಕ ಅದನ್ನೇ ಹಿಡಿಯಿರಿ. ಬರೆಯುವಾಗಲೂ ಹಾಗೆಯೇ. ಇಂಗ್ಲಿಷಿನವರು ದೊಡ್ಡ ಅಕ್ಷರ ಹಾಕಿ ಗೌರವ ತೋರಿಸುತ್ತಾರೆ, ನಮಗೆ ಆ ಅನುಕೂಲ ಇಲ್ಲ. ನಮ್ಮ ಗೌರವ ಕಾಣುವುದು ಆತನು, ಅವರು ಅನ್ನುವ ಮಾತಿನಲ್ಲಿ. ಯೇಸು ಅವನು, ಇವನು ಎಂದು ಪಾಂಪ್ಲೆಟ್ಟಿನಲ್ಲಿ ಬರೆಯುವುದು ನನಗಂತೂ ಸರಿ ಕಾಣುವುದಿಲ್ಲ.

ತೆಲುಗಿನ ವಿಷಯವನ್ನೂ ಹೇಳಿಬಿಡುತ್ತೇನೆ. ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆ ಒಂದೇ ಪ್ರಾರ್ಥನೆಯಲ್ಲಿ ಪ್ರಭುವಾ, ಕರ್ತನೇ ಎರಡೂ ಬರುತ್ತವೆ. ಬರಲಿ. ಜನ ಮಾತಾಡುವುದೇ ಹಾಗೆ. ಹೃದಯದ ಭಾಷೆಯಲ್ಲಿ ಕರೆಯುವವರನ್ನು ವ್ಯಾಕರಣ ಹಿಡಿದು ನಿಲ್ಲಿಸಬೇಡಿ.

ತಂದೆಯ ಮಾತು ತಂದೆಗೆ, ಮಗನ ಮಾತು ಮಗನಿಗೆ

"ತಂದೆಯೇ, ನೀನು ನಮಗೋಸ್ಕರ ಶಿಲುಬೆಯ ಮೇಲೆ ಸತ್ತೆ" ಎಂದು ಪ್ರಾರ್ಥಿಸುವುದನ್ನು ಬಹಳ ಕಡೆ ಕೇಳುತ್ತೇವೆ. ಶಿಲುಬೆಯ ಮೇಲೆ ಸತ್ತವರು ತಂದೆಯಲ್ಲ, ಮಗ. ಸಣ್ಣದು ಅನ್ನಿಸಬಹುದು, ಆದರೆ ಸಭೆಯ ನಂಬಿಕೆಯೇ ಅದರಲ್ಲಿದೆ. ಕ್ರಿ.ಶ. 325ರಲ್ಲಿ ನಿಕೇಯದಲ್ಲಿ ಬಿಷಪ್ಪರು ಕೂಡಿ ಒಬ್ಬನೇ ಕರ್ತನಾದ ಯೇಸು ಕ್ರಿಸ್ತ ಎಂದು ವಿಶ್ವಾಸಪ್ರಮಾಣ ಬರೆದದ್ದು, ಆತನು ತಂದೆಗೆ ಸಮಾನನಾದ ದೇವರು ಎಂದು ಗಟ್ಟಿಯಾಗಿ ಹೇಳಲಿಕ್ಕೆ.

ಸುಲಭದ ದಾರಿ ಇದೆ. ತಂದೆಯೇ ಎಂದು ಶುರು ಮಾಡಿದರೆ "ನಿನ್ನ ಮಗನನ್ನು ನಮಗಾಗಿ ಕೊಟ್ಟೆ" ಅನ್ನಿ, "ಯೇಸುವಿನ ಹೆಸರಿನಲ್ಲಿ" ಎಂದು ಮುಗಿಸಿ. ಯೇಸುವನ್ನೇ ಕರೆದರೆ "ನೀನು ನಮಗಾಗಿ ಸತ್ತೆ, ಎದ್ದೆ" ಅನ್ನಿ, "ನಿನ್ನ ಹೆಸರಿನಲ್ಲಿ" ಎಂದು ಮುಗಿಸಿ. ಯೇಸುವಿಗೆ ನೇರವಾಗಿ ಪ್ರಾರ್ಥಿಸಬಹುದೇ ಎಂದು ಅನುಮಾನ ಇದ್ದರೆ ಅಪೊಸ್ತಲರ ಕೃತ್ಯ 7:59 ನೋಡಿ. ಕಲ್ಲೇಟು ಬೀಳುತ್ತಿರುವಾಗ ಸ್ತೆಫನ ಕರೆದದ್ದು ಯೇಸುವನ್ನೇ.

"ಯೇಸುವಿನ ಹೆಸರಿನಲ್ಲಿ, ಆಮೆನ್" ಅನ್ನುವುದನ್ನು ಒಂದೇ ಉಸಿರಿಗೆ ನುಂಗಬೇಡಿ. ಪ್ರಾರ್ಥನೆ ಮುಟ್ಟುವುದು ಆ ಹೆಸರಿನಿಂದ. ಸ್ಪಷ್ಟವಾಗಿ ಹೇಳಿ.

ಹಾಡು ನಡೆಸುವವರಿಗೆ

ಹಾಡಿನಲ್ಲಿ ಬಿರುದು ಬಂದಾಗ ಕೀಬೋರ್ಡ್, ಡ್ರಮ್ ಸ್ವಲ್ಪ ತಗ್ಗಲಿ. ಜನರಿಗೆ ಆ ಮಾತು ಕೇಳಿಸಲಿ. ಒಂದು ಆರಾಧನೆಗೆ ಹತ್ತು ಬಿರುದಿನ ಹತ್ತು ಹಾಡು ಬೇಡ, ಅಂದಿನ ಪಾಠಕ್ಕೆ ಹೊಂದುವ ಒಂದೆರಡು ಬಿರುದು ಹಿಡಿದು ಹಾಡು ಆರಿಸಿ. ಮೊಣಕಾಲೂರುವ ಹಾಡಿಗೆ ನಿಜವಾಗಿಯೂ ಮೊಣಕಾಲೂರಿ. ಎಲ್ಲರ ಮೊಣಕಾಲೂ ಯೇಸುವಿನ ಹೆಸರಿಗೆ ಬಗ್ಗುತ್ತದೆ ಎಂದು ಫಿಲಿಪ್ಪಿಯವರಿಗೆ 2:10 ಹೇಳುತ್ತದೆ. ಯೇಸುವಿನ ಹೆಸರು ಬಂದಾಗ ತಲೆ ಬಾಗಿಸಬೇಕು ಎಂದು 1274ರಲ್ಲಿ ಲಿಯೋನ್ ಮಹಾಸಭೆ ಕಥೋಲಿಕರಿಗೆ ಹೇಳಿತ್ತು, ಹಳೆಯ ತಲೆಮಾರಿನವರು ಈಗಲೂ ಬಾಗಿಸುತ್ತಾರೆ. ವಯಸ್ಸಾದವರು, ಮಂಡಿ ನೋವಿನವರು ಕೂತೇ ತಲೆ ಬಾಗಿಸಲಿ, ಸಾಕು.

ಚರ್ಚಿನ ಹೊರಗೆ

ಫೋನ್ ಎತ್ತಿದ ಕೂಡಲೇ "ಪ್ರೈಸ್ ದ ಲಾರ್ಡ್" ಅನ್ನುವುದು ಒಳ್ಳೆಯ ರೂಢಿ. ಅದನ್ನೇ ವಾಟ್ಸಾಪಿನಲ್ಲಿ "ಪಿಟಿಎಲ್" ಎಂದು ಮೂರಕ್ಷರಕ್ಕೆ ಇಳಿಸುವುದು ಬೇಡ. ಪುರುಸೊತ್ತು ಇಲ್ಲದಿದ್ದರೆ ವಂದನೆ ಅಂದರೆ ಆಯಿತು. ಸಾಲದ ಕಂತು ಕೇಳಲಿಕ್ಕೆ ಫೋನ್ ಮಾಡಿ, ಪ್ರೈಸ್ ದ ಲಾರ್ಡ್ ಎಂದು ಶುರು ಮಾಡಿ, ಎರಡನೆಯ ಮಾತಿಗೇ ಬೈಯುವುದಂತೂ ಬೇಡವೇ ಬೇಡ. ದೇವರ ಹೆಸರನ್ನು ಅಯೋಗ್ಯ ಕೆಲಸಕ್ಕೆ ಎತ್ತಬಾರದು ಎಂಬ ಆಜ್ಞೆ (ವಿಮೋಚನಕಾಂಡ 20:7) ಇಂಥದಕ್ಕೂ ಸೇರುತ್ತದೆ.

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ನೀವು ನನ್ನನ್ನು ಸ್ವಾಮೀ, ಸ್ವಾಮೀ ಎಂದು ಕರೆದು ನಾನು ಹೇಳುವುದನ್ನು ಯಾಕೆ ಮಾಡುವುದಿಲ್ಲ ಎಂದು ಯೇಸು ಲೂಕ 6:46ರಲ್ಲಿ ಕೇಳುತ್ತಾರೆ. ಭಾನುವಾರ ರಾಜಾಧಿರಾಜ ಅಂದವರು ಸೋಮವಾರ ಎಪಿಎಂಸಿಯಲ್ಲಿ ತೂಕಕ್ಕೆ ನಿಂತಾಗ ಆ ಅರಸನ ಕಾನೂನು ನಡೆಯಬೇಕು. ಜೀನ್ಸ್ ಹೊಲಿಗೆ ಘಟಕ ಇಟ್ಟವರು ಶನಿವಾರದ ಪಗಾರವನ್ನು ಶನಿವಾರವೇ ಕೊಡಬೇಕು. ಬಡ್ಡಿಗೆ ಕೊಟ್ಟವರು ಕಷ್ಟದಲ್ಲಿರುವ ಮನೆಯ ಬಾಗಿಲಲ್ಲಿ ನಿಂತು ಕೂಗಬಾರದು. ರಾತ್ರಿ ಪ್ರಾರ್ಥನೆಯಲ್ಲಿ ಕರ್ತನೇ ಎಂದು ಕರೆದ ಮೇಲೆ ಸ್ವಲ್ಪ ಹೊತ್ತು ಏನೂ ಬೇಡದೆ ಇರಿ. ಆತ ಹೇಳಿಯೂ ನಾನು ಮುಂದೂಡುತ್ತಿರುವ ಕೆಲಸ ಯಾವುದು ಎಂದು ನೆನಪು ಮಾಡಿಕೊಳ್ಳಿ. ಯಾರದೋ ಬಾಕಿ, ಯಾರನ್ನೋ ಕ್ಷಮಿಸುವುದು, ಮುನಿಸಿಕೊಂಡ ಅಕ್ಕನಿಗೆ ಒಂದು ಫೋನ್. ಅದನ್ನು ಹೆಸರು ಹಿಡಿದು ಆತನ ಮುಂದೆ ಹೇಳಿ, ಮಾರನೆಯ ದಿನ ಮಾಡಿ. ಆಮೇಲೆ ನಿಮ್ಮ ಬೇಡಿಕೆ.

ಬೇರೆಯವರ ಮನೆಯಲ್ಲಿ ಪ್ರಾರ್ಥಿಸುವಾಗ

ನಮ್ಮ ಕಡೆ ಹಿಂದೂ, ಮುಸ್ಲಿಂ ಮನೆಯವರೂ "ಮಗುವಿಗೆ ಹುಷಾರಿಲ್ಲ, ನಿಮ್ಮ ದೇವರ ಹತ್ತಿರ ಒಂದು ಪ್ರಾರ್ಥನೆ ಮಾಡಿರಿ" ಎಂದು ಕರೆಯುವುದುಂಟು. ಕರೆದರೆ ಹೋಗಿ. ಅಲ್ಲಿ ಅವರಿಗೆ ಅರ್ಥವಾಗದ ಮೆಲ್ಕಿಜೆದೇಕ, ದಾವೀದನ ಬೇರು ಇಂಥ ಬಿರುದುಗಳು ಬೇಡ. ಅವರ ದೇವರನ್ನು ಹೀಗಳೆಯುವ ಮಾತಂತೂ ಬಾಯಿಂದ ಬರಲೇಬಾರದು, ಕ್ರಿಸ್ತನಿಗೆ ಗೌರವ ಕೊಡಲಿಕ್ಕೆ ಇನ್ನೊಬ್ಬರ ಮನಸ್ಸು ನೋಯಿಸಬೇಕಾಗಿಲ್ಲ. ಹಾಗೆಯೇ ಅವರಿಗೆ ಬೇಜಾರಾಗುತ್ತದೆ ಎಂದು ಯೇಸುವಿನ ಹೆಸರನ್ನೇ ಬಿಟ್ಟು "ಓ ಶಕ್ತಿಯೇ" ಅನ್ನಲೂ ಬೇಡಿ, ಅವರು ಕರೆದದ್ದೇ ಆ ಹೆಸರಿಗಾಗಿ. "ಯೇಸು ಸ್ವಾಮೀ, ಮಕ್ಕಳನ್ನು ಅಪ್ಪಿಕೊಂಡು ಆಶೀರ್ವಾದ ಮಾಡಿದವನೇ, ಈ ಮಗುವಿನ ಜ್ವರ ಇಳಿಸು, ಈ ತಾಯಿಗೆ ಧೈರ್ಯ ಕೊಡು" ಎಂದು ಎರಡೇ ಮಾತಿನಲ್ಲಿ, ಮಗು ಬೆದರದ ಹಾಗೆ ಮೆಲ್ಲಗೆ ಪ್ರಾರ್ಥಿಸಿ. ಮುಗಿದ ಮೇಲೆ ಡಾಕ್ಟರ ಹತ್ತಿರ ತೋರಿಸಿದ್ದಾರಾ ಎಂದು ಕೇಳಿ. ತೋರಿಸಿಲ್ಲ ಅಂದರೆ ನಿಮ್ಮ ಗಾಡಿಯಲ್ಲೇ ಕರೆದುಕೊಂಡು ಹೋಗಿ.